ಒಗ್ಗರಣೆಯ ಹೊತ್ತಿಗೆ ಆರುತ್ತಿದ್ದ ಒಲೆ

ತಂಗಿಯ ನಲವತ್ತನೆಯ ದಿನದ ಫಾತಿಹಾ ಮುಗಿಸಿಕೊಂಡು ತುಮಕೂರಿನಿಂದ ನೆದರ್‌ಲೆಂಡ್ಸಿನ ನ್ಯೂವೆಗೈನ್‌ಗೆ ವಾಪಸಾದಾಗ ಕಂಪನಿಯಲ್ಲಿ ನನಗೆ ಕಾದಿದ್ದ ಮೊದಲ ಕೆಲಸ ಒಂದು ಕನ್ನಡದವರ ಮನೆಯದು. "ನಿಮ್ಮ ಭಾಷೆಯವರು, ನೀನೇ ಹೋಗು," ಎಂದು ಮೇಲ್ವಿಚಾರಕ ಫೈಲು ಕೊಟ್ಟ. ಅವನು ಡಚ್ಚರವನು, ನಾವು ಮಾತಾಡುವುದು ಡಚ್ಚಿನಲ್ಲಿ. ಊರಲ್ಲಿ ನಮ್ಮ ಮನೆಯಲ್ಲಿ ಒಂದು ಸಾವಾಗಿದೆ ಎಂದಷ್ಟೇ ಅವನಿಗೆ ಹೇಳಿದ್ದೆ. ಹೇಗೆ ಎಂದು ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಹೇಗೆಂದು ಇಲ್ಲಿ ಬರೆಯಲೇಬೇಕು. ಬರೆಯದಿದ್ದರೆ ನಾನು ಮುಂದೆ ಮಾಡಿದ್ದು ಹಟಮಾರಿತನದಂತೆ ಕಾಣುತ್ತದೆ. ತಂಗಿಯ ಬಾಡಿಗೆ ಮನೆಯ ಬಚ್ಚಲಲ್ಲಿ ಗ್ಯಾಸ್ ಗೀಸರ್ ಇತ್ತು. ಆಷಾಢದ ಗಾಳಿ ಬಚ್ಚಲ ಗವಾಕ್ಷಿಯಿಂದ ನುಗ್ಗುತ್ತಿತ್ತು. "ಭಾಯ್, ಬಚ್ಚೀಕು ಠಂಡಿ ಲಗ್ರೈ," ಎಂದಳು ಫೋನಿನಲ್ಲಿ, ಮಗುವಿಗೆ ಸ್ನಾನ ಮಾಡಿಸುವಾಗ ಥಂಡಿ ಹೊಡೆಯುತ್ತದೆ ಎಂದು. ರಟ್ಟು ಕತ್ತರಿಸಿ ಗವಾಕ್ಷಿಗೆ ಟೇಪು ಹಾಕು ಎಂದೆ. ಅಳತೆ ಹೇಗೆ ತೆಗೆಯಬೇಕೆಂದೂ ಹೇಳಿಕೊಟ್ಟೆ. ಒಲೆ, ಹೊಗೆಕೊಳವೆಗಳ ಕೆಲಸದಲ್ಲೇ ಅನ್ನ ತಿನ್ನುವವನು ನಾನು. ಆ ಬಚ್ಚಲಲ್ಲಿ ಗೀಸರ್ ಇರುವುದೂ ನನಗೆ ಗೊತ್ತಿತ್ತು. ಆ ಹೊತ್ತಿಗೆ ಹೊಳೆಯಲಿಲ್ಲ. ರಟ್ಟು ಹಾಕಿದ ಒಂಬತ್ತನೆಯ ದಿನ ಅವಳು ಮಗುವಿನ ಸ್ನಾನ ಮುಗಿಸಿ, ಅದನ್ನು ಅತ್ತೆಯ ಕೈಗೆ ಕೊಟ್ಟು, ತಾನು ಸ್ನಾನಕ್ಕೆ ನಿಂತಳು. ಹೊರಗೆ ಬರಲಿಲ್ಲ. ಗೀಸರಿನ ಹೊಗೆಯಲ್ಲಿರುವ ವಿಷಗಾಳಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಕಿರುಚಲು ಸಹ ಅದು ಸಮಯ ಕೊಡುವುದಿಲ್ಲ.

ಪೋಸ್ಟ್‌ಮಾರ್ಟಂ ಮುಗಿದು ಅವಳು ಕೈಗೆ ಸಿಗುವಷ್ಟರಲ್ಲಿ ನಾನು ಊರು ಮುಟ್ಟಿದ್ದೆ. ಆ ಬಚ್ಚಲಿಗೆ ಹೋದಾಗ ಗೀಸರಿನ ಮೈಮೇಲೆ ಚೀಟಿ ಇನ್ನೂ ಅಂಟಿಕೊಂಡಿತ್ತು: ಗಾಳಿಯಾಡುವ ಜಾಗದಲ್ಲಿ ಮಾತ್ರ ಬಳಸಿ. ಬಂದವರೆಲ್ಲ ಅಲ್ಲಾಹನ ಇಚ್ಛೆ ಎಂದರು. ರಟ್ಟು ಕತ್ತರಿಸಲು ಹೇಳಿದವನು ನಾನು. ಅದನ್ನು ಇನ್ನೊಬ್ಬರ ಮೇಲೆ ಹಾಕಲು ನನಗೆ ಮನಸ್ಸಾಗಲಿಲ್ಲ.

ಕನ್ನಡದವರ ಆ ಮನೆ ಲೆಕ್ ನದಿಯ ಏರಿಯ ಮೇಲಿತ್ತು. ಹಳೆಯ ಇಟ್ಟಿಗೆ ಮನೆ, ಮರದ ನೆಲ, ಹೊಳೆ ಕಡೆಯಿಂದ ಸದಾ ಗಾಳಿ. ಹಳೆಯ ಬಾಯ್ಲರ್ ಮನೆಯನ್ನು ಬೆಚ್ಚಗಿಡಲು ಸಾಲದೆ ಅವರು ಪೆಲೆಟ್ ಒಲೆಗೆ ಬಂದಿದ್ದರು. ಮರದ ಹೊಟ್ಟನ್ನು ಒತ್ತಿ ಮಾಡಿದ, ಕೋಳಿಗೆ ಹಾಕುವ ಗುಳಿಗೆಗಳಂಥ ತುಂಡುಗಳು ಅದರ ಉರುವಲು. ಅವು ಡಬ್ಬಿಯಿಂದ ಮೋಟಾರಿನ ತಿರುಪಿನ ಮೂಲಕ ಉರಿಬಟ್ಟಲಿಗೆ ಸ್ವಲ್ಪಸ್ವಲ್ಪವೇ ಬೀಳುತ್ತವೆ. ಒಂದು ಸಣ್ಣ ಫ್ಯಾನು ಹೊಗೆಯನ್ನು ಕೊಳವೆಗೆ ಎಳೆಯುತ್ತದೆ.

ಬಾಗಿಲು ತೆರೆದದ್ದು ಯಜಮಾನರ ತಾಯಿ, ಮೈಸೂರಿನವರು. ಶಾಲು, ಮಂಕಿಟೋಪಿ, ಕಾಲಿಗೆ ಎರಡು ಜೊತೆ ಸಾಕ್ಸು.

"ಶೂ ಅಲ್ಲೇ ಬಿಟ್ಟು ಬನ್ನಿ."

ಕೆಲಸದ ಜಾಗದಲ್ಲಿ ಸೇಫ್ಟಿ ಶೂ ಬಿಚ್ಚಬಾರದೆಂಬುದು ಕಂಪನಿಯ ನಿಯಮ. ಇಂಥದ್ದು ಬರುತ್ತದೆಂದು ಗೊತ್ತಿದ್ದುದರಿಂದ ತೊಳೆದ ಇನ್ನೊಂದು ಜೊತೆ ತಂದಿದ್ದೆ. "ಇದು ಒಳಗಿನ ಶೂ, ಅಮ್ಮಾ," ಎಂದೆ.

"ಒಳಗಿನ ಶೂ ಅಂತ ಬೇರೆ ಇರುತ್ತಾ? ಸರಿ, ದೇವರ ಕಡೆ ಮಾತ್ರ ಬರ್ಬೇಡಿ." ಆಮೇಲೆ ಹೆಸರು ಕೇಳಿದರು. ಹೇಳಿದೆ. "ತುಮಕೂರಾ? ನಮ್ಮಮ್ಮನ ತೌರೂರು. ಕಾಫಿಗೆ ಸಕ್ಕರೆ ಎಷ್ಟು?"

ಕೋಣೆಗಳ ಅಳತೆ, ಕಿಟಕಿಗಳ ಗಾಜು, ಚಾವಣಿಯ ಎತ್ತರ ಎಲ್ಲ ತೆಗೆದುಕೊಂಡೆ. ನನ್ನ ಲೆಕ್ಕಕ್ಕೆ ಏಳು ಕಿಲೋವಾಟಿನ ಒಲೆ ಸಾಕಾಗಿತ್ತು. ಹೆಚ್ಚು ದೊಡ್ಡದು ಹಾಕಿದರೆ ಅದು ಯಾವಾಗಲೂ ಸಣ್ಣ ಉರಿಯಲ್ಲೇ ತೂಕಡಿಸುತ್ತದೆ, ಗಾಜು ಕಪ್ಪಾಗುತ್ತದೆ, ಕೊಳವೆಯಲ್ಲಿ ಮಸಿ ಕಟ್ಟುತ್ತದೆ. ಒಲೆಯ ಮೈ ಮತ್ತು ಡಬ್ಬಿಯ ಮುಚ್ಚಳ ಎರಡೂ ಗಾಳಿ ಸೋರದಂತೆ ಬಿಗಿಯಾಗಿದ್ದು, ಉರಿಯುವ ಗಾಳಿಯನ್ನು ಹೊರಗಿನಿಂದಲೇ ಎಳೆದುಕೊಳ್ಳುವ ಮಾದರಿ ತೋರಿಸಿದೆ. ಹೊರಗೋಡೆಗೆ ಇಟ್ಟರೆ ಒಂದು ತೂತಿನಲ್ಲಿ ಕೆಲಸ ಮುಗಿಯುತ್ತದೆ ಎಂದೂ ಹೇಳಿದೆ.

ಯಜಮಾನರು ಐಂಡ್‌ಹೋವನ್‌ನಲ್ಲಿ ಚಿಪ್ ಎಂಜಿನಿಯರ್. ಅವರಿಗೆ ಬೇಕಿದ್ದದ್ದು ಹನ್ನೆರಡು ಕಿಲೋವಾಟಿನದು, ಮೂರು ಕಡೆ ಗಾಜು. ಸೋಫಾ ಎದುರಿನ ಒಳಗೋಡೆಗೆ ಇರಬೇಕು.

"ಎಲ್ಲಾ ಮಾಡೆಲ್ ಕಂಪೇರ್ ಮಾಡಿದೀನಿ. ಎಕ್ಸೆಲ್ ಇದೆ, ಕಳಿಸ್ಲಾ?"

"ಇವ್ರು ಕುಕ್ಕರ್ ತಗೊಳಕ್ಕೂ ಎಕ್ಸೆಲ್ ಮಾಡಿದ್ರು," ಎಂದರು ಅವರ ಹೆಂಡತಿ. "ಈಗ್ಲೂ ಅನ್ನ ತಳ ಹಿಡಿಯುತ್ತೆ."

ಎಕ್ಸೆಲ್ ನೋಡಿದೆ. ಹದಿನಾಲ್ಕು ಕಾಲಂ ಇದ್ದವು. ಒಲೆಗೆ ಗಾಳಿ ಎಲ್ಲಿಂದ ಬರುತ್ತದೆ ಎಂಬ ಕಾಲಂ ಇರಲಿಲ್ಲ. ಅವರು ಆರಿಸಿದ್ದು ಕೋಣೆಯ ಗಾಳಿಯಲ್ಲೇ ಉರಿಯುವ ಒಲೆ. ನಾನು ಇನ್ನೊಮ್ಮೆ ಹೇಳಿದೆ, ಅವರು ನಕ್ಕರು. ದೊಡ್ಡದೇ ಹೋಗಲಿ ಎಂದು ಮೇಲ್ವಿಚಾರಕನೂ ಹೇಳಿದ. ಆಗ ನಾನು ಸುಮ್ಮನಾದೆ. ಆ ತಿಂಗಳುಗಳಲ್ಲಿ ಎಲ್ಲದಕ್ಕೂ ಸುಮ್ಮನಾಗುವುದು ನನಗೆ ಅಭ್ಯಾಸವಾಗಿಬಿಟ್ಟಿತ್ತು.

ಕೂರಿಸಲು ಎರಡು ದಿನ ಹಿಡಿಯಿತು. ಹಳೆಯ ಇಟ್ಟಿಗೆಯ ಹೊಗೆಗೂಡಿನ ಒಳಗೆ ಮಾಡಿನ ಮೇಲಿಂದ ಸ್ಟೀಲಿನ ಕೊಳವೆ ಇಳಿಸಿದೆ. ಬುಡದಲ್ಲಿ ಮಸಿ ತೆಗೆಯಲು ಮುಚ್ಚಳವಿರುವ ಕವಲು, ಒಲೆಯ ಕೆಳಗೆ ಉಕ್ಕಿನ ತಗಡು, ಮರದ ತೊಲೆಗಳಿಂದ ಬೇಕಾದಷ್ಟು ಅಂತರ. ವಿಷಗಾಳಿ ಪತ್ತೆ ಮಾಡುವ ಅಲಾರಂ ಗೋಡೆಗೆ ನೇತುಹಾಕಿದೆ. ಮೊದಲ ಉರಿಯಲ್ಲಿ ಒಲೆಯ ಬಣ್ಣ ಸುಟ್ಟು ಕಮಟು ವಾಸನೆ ಬರುತ್ತದೆ, ಅದಕ್ಕಾಗಿ ಕಿಟಕಿಗಳನ್ನೆಲ್ಲ ತೆರೆಯುವುದು ಎಲ್ಲರ ಪದ್ಧತಿ.

"ಮನೆ ಬೆಚ್ಚಗಾಗ್ಲಿ ಅಂತ ಒಲೆ ತಂದು, ಇರೋ ಬರೋ ಕಿಟಕಿ ಎಲ್ಲಾ ತೆಗೆಸಿದ್ರಲ್ಲಾ," ಎಂದರು ಅಮ್ಮ ಶಾಲು ಬಿಗಿಮಾಡಿಕೊಂಡು.

ಕೊಳವೆಯ ಎಳೆತ ಅಳೆದೆ. ಚೆನ್ನಾಗಿತ್ತು. ಕಿಟಕಿ ತೆರೆದಿದ್ದರಿಂದ ಚೆನ್ನಾಗಿತ್ತು ಎಂದು ಆಗ ಯೋಚಿಸಲಿಲ್ಲ. ಒಲೆ ಒಂದು ವಾರ ತೊಂದರೆಯಿಲ್ಲದೆ ಉರಿದ ಮೇಲೆ ಹಸ್ತಾಂತರದ ಪತ್ರಕ್ಕೆ ಕೂರಿಸಿದವನು ಸಹಿ ಹಾಕಬೇಕು, ಅದು ನಮ್ಮಲ್ಲಿಯ ಕ್ರಮ.

ನಾಲ್ಕನೆಯ ದಿನದಿಂದ ಫೋನು ಶುರುವಾಯಿತು. ಒಲೆ ದಿನಕ್ಕೆರಡು ಸಲ ತಾನಾಗಿ ಆರುತ್ತಿತ್ತು, ಪರದೆಯ ಮೇಲೆ ಒತ್ತಡದ ದೋಷವೆಂದು ತೋರಿಸುತ್ತಿತ್ತು. ಮೊದಲ ಸಲ ಹೋಗಿ ಉರಿಬಟ್ಟಲ ತೂತುಗಳನ್ನು ಕೆರೆದೆ, ಒತ್ತಡದ ಸ್ವಿಚ್ಚಿನ ರಬ್ಬರ್ ನಳಿಕೆ ಬಿಚ್ಚಿ ಊದಿದೆ. ಎರಡನೆಯ ಸಲ ಪೆಲೆಟ್ ಬದಲಾಯಿಸಿದೆ, ಸ್ವಿಚ್ಚನ್ನೂ ಬದಲಾಯಿಸಿದೆ. ಎರಡೂ ಸಲ ನಾನು ಹೋದದ್ದು ಬೆಳಿಗ್ಗೆ ಹನ್ನೊಂದಕ್ಕೆ. ನನ್ನೆದುರು ಒಲೆ ಒಳ್ಳೆಯ ಮಗುವಿನಂತೆ ಉರಿಯಿತು.

ಮೂರನೆಯ ಸಲ ಸಂಜೆ ಆರಕ್ಕೆ ಹೋದೆ. ಮನೆಯಲ್ಲಿ ಅಮ್ಮ ಒಬ್ಬರೇ ಇದ್ದರು, ಸಾರಿಗೆ ಇಟ್ಟಿದ್ದರು.

"ಈ ಒಲೆಗೆ ನನ್ನ ಕಂಡ್ರೆ ಆಗಲ್ಲ ಕಣಪ್ಪಾ. ನಾನು ಅಡುಗೆ ಒಲೆ ಮುಂದೆ ನಿಂತ ತಕ್ಷಣ ಇದು ಮುಖ ಕೆಡಿಸ್ಕೊಂಡು ಆರಿಹೋಗುತ್ತೆ. ಸವತಿ ಇದ್ದ ಹಾಗೆ."

"ಏನು ಮಾಡ್ತೀರೋ ಹಾಗೇ ಮಾಡಿ ಅಮ್ಮಾ. ನಾನು ನೋಡ್ತೀನಿ."

ಅವರು ಮೊದಲು ಹಜಾರಕ್ಕೆ ಹೋಗಿ ಕೋಟು ನೇತುಹಾಕುವ ಕಡೆಯ ಬಾಗಿಲು ಮುಚ್ಚಿದರು. ಮೊಮ್ಮಗಳ ಕೋಟಿಗೆ ಒಗ್ಗರಣೆ ವಾಸನೆ ಹತ್ತಿದರೆ ಶಾಲೆಯಲ್ಲಿ ಮಕ್ಕಳು ಮೂಗು ಮುಚ್ಚಿಕೊಳ್ಳುತ್ತಾರಂತೆ. ಆಮೇಲೆ ಅಡುಗೆಮನೆಯ ಕರೆಂಟು ಚಿಮ್ನಿಯನ್ನು ಪೂರ್ತಿ ವೇಗಕ್ಕೆ ಹಾಕಿದರು. ಸೊಸೆ ಅಂಗಡಿಯಲ್ಲಿ ಎಲ್ಲಕ್ಕಿಂತ ಜೋರಾಗಿ ಎಳೆಯುವುದನ್ನೇ ಆರಿಸಿದ್ದರಂತೆ. ಎಣ್ಣೆ ಕಾಯಿತು, ಸಾಸಿವೆ ಸಿಡಿಯಿತು, ಒಣಮೆಣಸಿನಕಾಯಿ ಬಿತ್ತು. ನಾನು ಒಲೆಯ ಕಡೆ ತಿರುಗಿದೆ. ಜ್ವಾಲೆ ಕುಗ್ಗಿ, ಹಳದಿಯಾಗಿ, ಗಾಜಿನ ಮೇಲೆ ಹೊಗೆ ಸುತ್ತತೊಡಗಿತ್ತು.

ಕಿಟಕಿಗಳ ಮೇಲೆ ಗಾಳಿ ಬರಲೆಂದು ಇರುವ ಜಾಲರಿಗಳನ್ನು ಆಗ ನೋಡಿದೆ. ಪ್ರತಿಯೊಂದಕ್ಕೂ ಹಳೆಯ ಸೀರೆಯ ತುಂಡುಗಳನ್ನು ಅಚ್ಚುಕಟ್ಟಾಗಿ ಮಡಿಚಿ ತುರುಕಲಾಗಿತ್ತು.

"ಯಾರು ಮುಚ್ಚಿದ್ದು?"

"ನಾನೇ. ಥಂಡಿ ಹೊಡೆಯುತ್ತೆ."

ಎಲ್ಲ ಬಿಗಿದ ಮನೆ, ಮನೆಯ ಗಾಳಿಯನ್ನೆಲ್ಲ ಹೊರಗೆ ಎಸೆಯುವ ಚಿಮ್ನಿ. ಗಾಳಿ ಒಳಗೆ ಬರಲು ಉಳಿದಿದ್ದ ದಾರಿ ನಾನು ಇಳಿಸಿದ ಹೊಗೆಕೊಳವೆ ಒಂದೇ. ಅವರ ಊದುಬತ್ತಿ ಒಂದನ್ನು ಹಚ್ಚಿ ಒಲೆಯ ಬಾಗಿಲ ಸಂದಿಗೆ ಹಿಡಿದೆ. ಅದರ ಹೊಗೆ ಸಂದಿಯೊಳಕ್ಕೆ ಹೋಗಬೇಕಿತ್ತು. ಯಾರೋ ಒಳಗಿನಿಂದ ಊದಿದಂತೆ ನನ್ನ ಮುಖಕ್ಕೆ ಬಂತು. ಗೋಡೆ ನೋಡಿದೆ, ಅಲಾರಂ ಇರಲಿಲ್ಲ.

"ಅದಾ? ಒಗ್ಗರಣೆ ಹಾಕಿದ್ರೆ ಸಾಕು, ಬಡ್ಕೊಳತ್ತೆ. ಡ್ರಾಯರ್‌ನಲ್ಲಿ ಇಟ್ಟಿದೀನಿ." ಟವೆಲಿನಲ್ಲಿ ಸುತ್ತಿದ್ದನ್ನು ತಂದುಕೊಟ್ಟರು.

ಆ ಅಲಾರಮ್ಮಿಗೆ ಮೆಣಸಿನ ಘಾಟು ತಿಳಿಯುವುದಿಲ್ಲ. ಅದು ಪ್ರತಿದಿನ ಎರಡು ಹೊತ್ತು ನಿಜವನ್ನೇ ಹೇಳಿತ್ತು. ವಿಷಗಾಳಿ ಅಳೆಯುವ ನನ್ನ ಮೀಟರ್ ಹಿಡಿದೆ, ಸೊನ್ನೆ ಇರಬೇಕಾದಲ್ಲಿ ಅಂಕಿ ಏರುತ್ತಿತ್ತು: ಮೂವತ್ತು, ನಲವತ್ತೈದು, ಅರವತ್ತು. ಚಿಮ್ನಿ ನಿಲ್ಲಿಸಿ, ಬಾಗಿಲು ಕಿಟಕಿ ತೆರೆದು, ಅಮ್ಮನನ್ನು ಅಂಗಳಕ್ಕೆ ಕರೆದೊಯ್ದೆ. ಒಲೆ ಪೂರ್ತಿ ತಣ್ಣಗಾಗುವವರೆಗೆ ಅಲ್ಲೇ ನಿಂತೆವು. ಸಾರು ಕೆಟ್ಟಿತೆಂದು ಅವರು ಬೈದರು.

ಅಲ್ಲಿಂದಲೇ ಮೇಲ್ವಿಚಾರಕನಿಗೆ ಫೋನು ಮಾಡಿದೆ.

"ಒಲೆಯ ಫ್ಯಾನಿನ ವೇಗ ಒಂದು ಹಂತ ಏರಿಸು," ಎಂದ. "ಪತ್ರದಲ್ಲಿ ಒಂದು ಸಾಲು ಹಾಕು, ಚಿಮ್ನಿ ಹಾಕುವಾಗ ಕಿಟಕಿ ತೆರೆಯಬೇಕೆಂದು ಮನೆಯವರಿಗೆ ತಿಳಿಸಲಾಗಿದೆ ಅಂತ. ಸಹಿ ಹಾಕಿ ಬಾ."

"ಆ ಕಿಟಕಿ ಪತ್ರದಲ್ಲಿ ತೆರೆಯುತ್ತೆ. ಮನೇಲಿ ತೆರೆಯಲ್ಲ."

"ಅದು ಅವರ ಜವಾಬ್ದಾರಿ."

"ಕೂರಿಸಿದ್ದು ನಾನು. ಸಹಿ ಹಾಕಲ್ಲ."

"ಬೇರೆಯವನನ್ನು ಕಳಿಸಿ ಹಾಕಿಸ್ತೀನಿ."

"ಕಳಿಸಿ. ಬರುವಾಗ ಹೊಸ ವಯರ್ ತರೋಕೆ ಹೇಳಿ," ಎಂದು ಒಲೆಯ ಹಿಂಬದಿಯ ಕರೆಂಟು ವಯರನ್ನು ಕಿತ್ತು ಚೀಲಕ್ಕೆ ಹಾಕಿಕೊಂಡೆ. ಜಾಲರಿಯ ಬಟ್ಟೆ ಕಿತ್ತೆ, ಅಲಾರಂ ನೇತುಹಾಕಿದೆ. ಒಲೆ ಹಚ್ಚಬೇಡಿ ಎಂದು ಅಮ್ಮನಿಗೆ ಹೇಳಿದೆ, ಸೊಸೆಗೆ ಫೋನಿನಲ್ಲಿ ಹೇಳಿದೆ. ವಯರಿಲ್ಲದ ಮೇಲೆ ಹಚ್ಚುವುದು ಹೇಗೆ ಎಂದು ಸಮಾಧಾನದಿಂದ ಮನೆಗೆ ಹೋದೆ.

ಮರುದಿನ ಬೆಳಿಗ್ಗೆ ಯಜಮಾನರಿಂದ ಮೆಸೇಜು ಬಂತು: ನೀವು ವಯರ್ ಮರೆತು ತಗೊಂಡು ಹೋಗಿದೀರ, ಪರವಾಗಿಲ್ಲ, ಮಾನಿಟರ್‌ದು ಅದೇ ಸೈಜು, ಒಲೆ ಓಡ್ತಿದೆ.

ಎಂಜಿನಿಯರ್ ಮನೆಯಲ್ಲಿ ಅಂಥ ವಯರು ಹತ್ತಾದರೂ ಬಿದ್ದಿರುತ್ತವೆ. ನನಗೆ ಅದೂ ಹೊಳೆಯಲಿಲ್ಲ. ಇದು ಎರಡನೆಯ ಸಲ. ಮೊದಲನೆಯದಕ್ಕೆ ತುಮಕೂರಿನಲ್ಲಿ ಮಣ್ಣು ಹಾಕಿ ಬಂದಿದ್ದೆ. ವ್ಯಾನು ಓಡಿಸಿಕೊಂಡು ಹೋಗುವಾಗ ಫೋನು ಮಾಡುತ್ತಲೇ ಇದ್ದೆ. ಕೊನೆಗೆ ಎತ್ತಿದರು. ಕಿಟಕಿ ತೆರೆಯಿರಿ, ಒಲೆ ನಿಲ್ಲಿಸಿ, ಯಾರೂ ಚಿಮ್ನಿ ಮುಟ್ಟಬೇಡಿ ಎಂದು ಕೂಗಿದೆ.

ನಾನು ತಲುಪಿದಾಗ ಯಜಮಾನರು ಬಾಗಿಲಲ್ಲೇ ತಡೆದು ನಿಂತರು. "ಏನ್ರೀ ಇದು? ನಮ್ಮ ಮನೆ ವಸ್ತು ಕಿತ್ಕೊಂಡು ಹೋಗ್ತೀರ, ಬೆಳಿಗ್ಗೆ ಬೆಳಿಗ್ಗೆ ಕೂಗಾಡ್ತೀರ. ಸೆನ್ಸರ್ ಫಾಲ್ಟ್ ಇದ್ರೆ ಸೆನ್ಸರ್ ಚೇಂಜ್ ಮಾಡಿ. ನಿಮ್ಮ ಬಾಸೇ ಫೋನ್ ಮಾಡಿ ಹೇಳಿದ್ರು, ಕಿಟಕಿ ತೆಗೆದ್ರೆ ಸಾಕು ಅಂತ."

"ಸೆನ್ಸರ್ ಸರಿಯಾಗಿದೆ ಸಾರ್. ಹತ್ತು ನಿಮಿಷ ಕೊಡಿ. ಬೂದಿಯಲ್ಲಿ ಇನ್ನೂ ಕೆಂಡ ಇರುತ್ತೆ, ತೋರಿಸೋಕೆ ಅಷ್ಟು ಸಾಕು."

ಎಲ್ಲರನ್ನೂ ಬಾಗಿಲ ಹೊರಗೆ ನಿಲ್ಲಿಸಿದೆ. ಕಿಟಕಿ ಮುಚ್ಚಿ, ಚಿಮ್ನಿ ಹಾಕಿ, ಮೀಟರನ್ನು ಒಲೆಯ ಮುಂದೆ ಅವರಿಗೆ ಕಾಣುವಂತೆ ಇಟ್ಟು ಹೊರಗೆ ಬಂದೆ. ಗಾಜಿನ ಬಾಗಿಲಿನಿಂದ ನೋಡಿದರು. ಅಂಕಿ ಏರಿತು. ಐವತ್ತು ದಾಟಿದಾಗ ಗೋಡೆಯ ಅಲಾರಂ ಕೂಗತೊಡಗಿತು. ಅಡುಗೆ ಒಲೆಯ ಮೇಲೆ ಬಾಣಲೆ ಇರಲಿಲ್ಲ, ಮೆಣಸಿನಕಾಯಿಯೂ ಇರಲಿಲ್ಲ.

ಅಮ್ಮ ಬಾಯಿಯ ಮೇಲೆ ಕೈ ಇಟ್ಟುಕೊಂಡರು. ನಾನು ಒಳಗೆ ಹೋಗಿ ಎಲ್ಲ ತೆರೆದು ಬಂದೆ.

"ದಿನಾ ಕಿಟಕಿ ತೆಗಿತೀವಿ, ಇನ್ಮೇಲೆ," ಎಂದರು ಯಜಮಾನರು. ಧ್ವನಿ ಇಳಿದಿತ್ತು.

"ತೆಗೆಯಲ್ಲ ಸಾರ್. ಜನವರಿಲಿ ಹೊಳೆ ಗಾಳಿ ಬೀಸುವಾಗ ಯಾರೂ ತೆಗೆಯಲ್ಲ. ನನ್ನ ತಂಗಿನೂ ತೆಗೆಯಲಿಲ್ಲ. ಮುಚ್ಚು ಅಂತ ನಾನೇ ಹೇಳಿದ್ದೆ." ಅಲ್ಲಿಯವರೆಗೆ ನನ್ನ ಹೆಂಡತಿಯ ಹೊರತು ಯಾರಿಗೂ ಹೇಳದಿದ್ದದ್ದನ್ನು ಆ ಅಂಗಳದಲ್ಲಿ ನಿಂತು ಹೇಳಿದೆ. ನಾಲ್ಕು ವಾಕ್ಯದಲ್ಲಿ ಮುಗಿಯಿತು.

ಆಮೇಲೆ ಯಜಮಾನರು, "ಏನು ಮಾಡ್ಬೇಕು ಹೇಳಿ," ಎಂದರು.

ಹೇಳಿದೆ. ಈ ಒಲೆ ವಾಪಸು ಹೋಗಬೇಕು. ಮೊದಲು ತೋರಿಸಿದ ಬಿಗಿ ಮೈಯ ಚಿಕ್ಕದು ಬರಬೇಕು. ಅದಕ್ಕೆ ಹೊರಗಿನಿಂದ ಪ್ರತ್ಯೇಕ ಗಾಳಿ ಕೊಳವೆ ಬೇಕು. ಕಿಟಕಿಗಳನ್ನೆಲ್ಲ ಮುಚ್ಚಿ ಚಿಮ್ನಿ ಹಾಕಿದರೂ ಮೀಟರ್ ಸೊನ್ನೆಯಲ್ಲೇ ಇರಬೇಕು, ಇಲ್ಲದಿದ್ದರೆ ನಾನು ಒಪ್ಪುವುದಿಲ್ಲ. ಅದನ್ನೆಲ್ಲ ಅವರು ಅಲ್ಲೇ ಕೂತು ಕಂಪನಿಗೆ ಬರೆದರು. ಹಾಗಾಗದೆ ಕೆಲಸ ಮುಗಿದಂತೆ ಒಪ್ಪುವುದಿಲ್ಲ, ಈ ಕೆಲಸಗಾರನ ಹೊರತು ಬೇರೆಯವರು ಬರಬಾರದು ಎಂದೂ ಸೇರಿಸಿದರು. ಮಧ್ಯಾಹ್ನ ಮೇಲ್ವಿಚಾರಕ ನನ್ನನ್ನು ಕರೆದು, ನೀನು ಗಿರಾಕಿಯನ್ನು ಕಂಪನಿಯ ಮೇಲೆ ಎತ್ತಿಕಟ್ಟಿದೆ ಎಂದ. ಹೌದು ಎಂದೆ.

ಚಿಕ್ಕ ಒಲೆಗೂ ಜಾಗ ಒಳಗೋಡೆಯದೇ, ಹೊಗೆಕೊಳವೆ ಅಲ್ಲಿದ್ದುದರಿಂದ. ಹಾಗಾಗಿ ಗಾಳಿ ಕೊಳವೆಯನ್ನು ನೆಲದಡಿಯಿಂದ ತರಬೇಕಿತ್ತು. ಇಲ್ಲಿನ ಹಳೆಯ ಮನೆಗಳಲ್ಲಿ ಹಲಗೆಯ ನೆಲಕ್ಕೂ ಮಣ್ಣಿಗೂ ನಡುವೆ ತೆವಳಿಕೊಂಡು ಹೋಗುವಷ್ಟು ಖಾಲಿ ಜಾಗ ಬಿಟ್ಟಿರುತ್ತಾರೆ. ಬಾಗಿಲ ಬಳಿಯ ಮುಚ್ಚಳ ಎತ್ತಿ ಇಳಿದೆ. ಒದ್ದೆ ಮರಳು, ಜೇಡರ ಬಲೆ, ತಲೆ ಎತ್ತಿದರೆ ತೊಲೆ. ಯಜಮಾನರು ರಜೆ ಹಾಕಿ ಮುಚ್ಚಳ ತೆಗೆದ ಬಾಯಿಯ ಬಳಿ ಟಾರ್ಚು ಹಿಡಿದು ಕೂತರು.

"ನಾನೂ ಇಳೀಲಾ?"

"ಬನ್ನಿ ಸಾರ್. ಹೊಟ್ಟೆ ಮಾತ್ರ ಮೇಲೆ ಬಿಟ್ಟು ಬನ್ನಿ."

ಅಮ್ಮ ಮೇಲಿಂದ ನಕ್ಕದ್ದು ಹಲಗೆಯ ಮೂಲಕ ಕೇಳಿಸಿತು.

ಮೊದಲ ದಿನ ವ್ಯರ್ಥವಾಯಿತು. ಮಧ್ಯದ ಅಡಿಪಾಯದ ಗೋಡೆಯಲ್ಲಿದ್ದ ಹಳೆಯ ಕಿಂಡಿಯಿಂದ ಕೊಳವೆ ದಾಟಿಸೋಣವೆಂದಿದ್ದೆ. ಅದರ ತುಂಬ ಗ್ಯಾಸಿನ ಪೈಪು ಇತ್ತು. ಅದರ ಪಕ್ಕದಲ್ಲಿ ಒರಟು ಕೆಲಸ ಮಾಡುವಂತಿರಲಿಲ್ಲ. ಸುತ್ತು ಹಾಕಿದರೆ ಕೊಳವೆ ಉದ್ದವಾಗಿ, ಬಾಗುಗಳು ಹೆಚ್ಚಾಗಿ, ಒಲೆಯ ಕೈಪಿಡಿ ಒಪ್ಪುವ ಮಿತಿ ದಾಟುತ್ತಿತ್ತು. ಎರಡನೆಯ ದಿನ ಒಂದು ಅಂಗುಲ ಹೆಚ್ಚು ಅಗಲದ ಕೊಳವೆ ತಂದು, ನೇರ ದಾರಿ ಹಿಡಿದು, ಪೈಪಿನಿಂದ ದೂರದಲ್ಲಿ ಗೋಡೆ ಕೊರೆಯಲು ನಿಶ್ಚಯಿಸಿದೆ. ವಜ್ರದ ಹಲ್ಲಿನ ಕೋರ್ ಡ್ರಿಲ್ಲನ್ನು ಮಲಗಿಕೊಂಡೇ ಎದೆಗೆ ಒತ್ತಿ ಹಿಡಿಯಬೇಕು. ಅದು ಇಟ್ಟಿಗೆಯಲ್ಲಿ ಸಿಕ್ಕಿಕೊಂಡಾಗ ಮಣಿಕಟ್ಟು ತಿರುಚಿತು. ಹೊರಗೋಡೆಗೆ ಬರುವ ಹೊತ್ತಿಗೆ ಎರಡೂ ಮೊಣಕೈ ಸುಲಿದಿದ್ದವು.

ಮರಳಿನ ಮೇಲೆ ಹಾಗೆ ಮಲಗಿದ್ದಾಗ ತಂಗಿಯನ್ನು ಇಳಿಸಿದ ಗುಂಡಿ ನೆನಪಾಯಿತು. ಅದರೊಳಗೆ ಇಳಿದು ಅವಳನ್ನು ಕೈಗೆ ತೆಗೆದುಕೊಂಡವರಲ್ಲಿ ನಾನೂ ಒಬ್ಬ. ಇದಕ್ಕಿಂತ ಅದು ಒಣಗಿತ್ತು. ಡ್ರಿಲ್ ನಿಲ್ಲಿಸಲಿಲ್ಲ. ಇಟ್ಟಿಗೆಯ ತುಂಡು ಕೊನೆಗೆ ಹೊರಗೆ ಬಿತ್ತು. ಹೊಳೆಯ ಗಾಳಿ ತೂತಿನಿಂದ ನುಗ್ಗಿ ಮುಖಕ್ಕೆ ಹೊಡೆಯಿತು, ಕಣ್ಣಿಗೆ ಧೂಳು ತುಂಬಿತು. ಕಣ್ಣು ಒರೆಸಿಕೊಳ್ಳದೆ ಸ್ವಲ್ಪ ಹೊತ್ತು ಅದರ ಎದುರಿಗೇ ಮಲಗಿದ್ದೆ.

"ಏನಾಯ್ತು? ಸದ್ದೇ ಇಲ್ಲ?" ಎಂದು ಯಜಮಾನರು ಕೂಗಿದರು.

"ಗಾಳಿ ಬಂತು," ಎಂದೆ.

ಕೊಳವೆ ಕೂರಿಸಿ, ತಣ್ಣನೆಯ ಗಾಳಿಗೆ ಬೆವರದಂತೆ ಗಾಜಿನ ನಾರಿನ ಹೊದಿಕೆ ಸುತ್ತಿ, ಹೊರಬಾಯಿಗೆ ಇಲಿ ನುಗ್ಗದಂತೆ ಜಾಲರಿ ಹಾಕಿದೆ. ಸಂದುಗಳನ್ನೆಲ್ಲ ಊದುಬತ್ತಿಯ ಹೊಗೆಯಿಂದ ಪರೀಕ್ಷಿಸಿದೆ. ಒಂದು ಸೋರುತ್ತಿತ್ತು. ಅದನ್ನು ಬಿಚ್ಚಿ ಮತ್ತೆ ಕಟ್ಟಿದೆ.

ಕೊನೆಯ ಪರೀಕ್ಷೆಗೆ ಮೇಲ್ವಿಚಾರಕ ತಾನೇ ಬಂದ. ಬೂಟು ಬಿಚ್ಚಲು ಅಮ್ಮ ಕೈಯಲ್ಲೇ ತೋರಿಸಿದರು, ಬಿಚ್ಚಿದ. ಚಿಕ್ಕ ಒಲೆಯನ್ನು ಕೂರಿಸಿ, ಬಣ್ಣದ ವಾಸನೆ ಹಿಂದಿನ ದಿನವೇ ಸುಟ್ಟು ಮುಗಿಸಿದ್ದೆ. ಒಲೆ ಹಚ್ಚಿ, ಕಿಟಕಿಗಳನ್ನೆಲ್ಲ ಮುಚ್ಚಿ, ಹಿಂದೆ ಕಿತ್ತಿದ್ದ ಸೀರೆ ತುಂಡುಗಳನ್ನು ನಾನೇ ನನ್ನ ಕೈಯಾರೆ ಜಾಲರಿಗಳಿಗೆ ಮತ್ತೆ ತುರುಕಿದೆ.

"ಇದೇನು?" ಎಂದ ಮೇಲ್ವಿಚಾರಕ.

"ಮನೆಯವರು ಏನು ಮಾಡ್ತಾರೋ ಅದು."

ಚಿಮ್ನಿ ಪೂರ್ತಿ ವೇಗಕ್ಕೆ ಹೋಯಿತು. "ಅಮ್ಮಾ, ಒಗ್ಗರಣೆ ಜೋರಾಗೇ ಹಾಕಿ," ಎಂದೆ. ಅವರು ಹಟ ಹಿಡಿದವರಂತೆ ಎಂಟು ಒಣಮೆಣಸಿನಕಾಯಿ ಮುರಿದು ಹಾಕಿ ಕರಿಯಾಗುವವರೆಗೆ ಬಿಟ್ಟರು. ಮೇಲ್ವಿಚಾರಕ ಕೆಮ್ಮಿ ಕೆಮ್ಮಿ ಕಣ್ಣೀರು ಒರೆಸಿಕೊಂಡ. ಒಲೆಯ ಜ್ವಾಲೆ ಅಲುಗಲಿಲ್ಲ. ಊದುಬತ್ತಿಯ ಹೊಗೆ ಒಲೆಯ ಬಾಗಿಲನ್ನು ಗಮನಿಸದೆ ನೇರ ಅಡುಗೆಮನೆಯ ಕಡೆ ಹೋಯಿತು. ಮೀಟರನ್ನು ಸಂದಿಗೆ ಹಿಡಿದುಕೊಂಡು ಅರ್ಧ ಗಂಟೆ ಕೂತೆ. ಸೊನ್ನೆ. ಅಲಾರಂ ಸುಮ್ಮನಿತ್ತು.

ಮೇಲ್ವಿಚಾರಕ ಪತ್ರ ತೆಗೆದ. ಕಿಟಕಿ ತೆರೆಯಲು ತಿಳಿಸಲಾಗಿದೆ ಎಂಬ ಸಾಲು ಅದರಲ್ಲಿ ಆಗಲೇ ಅಚ್ಚಾಗಿತ್ತು. ಅದನ್ನು ಗೀಟು ಹಾಕಿ ಹೊಡೆದೆ.

"ಒಂದು ಒಲೆಗೆ ಇಷ್ಟು ದಿನ ಇನ್ನು ಕೊಡೋಕಾಗಲ್ಲ."

"ಬೇಡ. ಇನ್ಮೇಲೆ ಎಲ್ಲರ ಮನೆಯಲ್ಲೂ ಮೊದಲ ದಿನವೇ ಕಿಟಕಿ ಮುಚ್ಚಿಸಿ ಅಡುಗೆ ಮಾಡಿಸ್ತೀನಿ."

"ಅಂಥ ಪರೀಕ್ಷೆ ನಮ್ಮ ಪಟ್ಟಿಯಲ್ಲಿ ಇಲ್ಲ."

ಪತ್ರದ ಕೆಳಗೆ ಖಾಲಿ ಜಾಗವಿತ್ತು. ಕಿಟಕಿ ಮುಚ್ಚಿ, ಚಿಮ್ನಿ ಪೂರ್ತಿ ಹಾಕಿ, ಒಗ್ಗರಣೆ ಹಾಕಿಸಿ ಪರೀಕ್ಷಿಸಲಾಗಿದೆ ಎಂದು ಡಚ್ಚಿನಲ್ಲಿ ಬರೆದೆ. ಒಗ್ಗರಣೆಗೆ ಅವರ ಭಾಷೆಯಲ್ಲಿ ಏನನ್ನುತ್ತಾರೋ ಗೊತ್ತಿರಲಿಲ್ಲ, ಅದನ್ನು ಹಾಗೆಯೇ ಇಟ್ಟೆ. ಕೆಳಗೆ ನನ್ನ ಹೆಸರು ಬರೆದು ಸಹಿ ಹಾಕಿದೆ.

ಅವನು ಕನ್ನಡಕ ಏರಿಸಿ ಆ ಪದದ ಮೇಲೆ ಬೆರಳಿಟ್ಟ. "ಇದೇನು?"

"ಈಗ ನಿಮಗೆ ಕೆಮ್ಮು ಬಂತಲ್ಲ, ಅದು."

ಇನ್ನೊಮ್ಮೆ ಓದಿದ. ಗಂಟಲು ಸರಿಮಾಡಿಕೊಂಡು, ಪೆನ್ನು ಕೇಳಿ, ಅದರ ಕೆಳಗೆ ತಾನೂ ಸಹಿ ಹಾಕಿದ.